ಮರದ ಬಟ್ಟಲು ಕಡೆಯುವಾಗ ಕೆಟ್ಟರೆ: ಗಾಯ ನೋಡಿ ಕಾರಣ ಹಿಡಿಯುವ ಬಗೆ

ಲೇತ್ ಮೇಲೆ ಬಟ್ಟಲು ಕಡೆಯಲು ಹೊಸದಾಗಿ ಕಲಿಯುವಾಗ ಉಳಿ ಕಚ್ಚುತ್ತದೆ, ಮರದಲ್ಲಿ ಗುಳಿ ಬೀಳುತ್ತದೆ. ಅದು ಎಲ್ಲರಿಗೂ ಆಗುವುದೇ. ಆದರೆ ಗುಳಿ ಬಿದ್ದ ಮೇಲೆ ನಾವು ಮಾಡುವ ಕೆಲಸ ಇದೆಯಲ್ಲ, ತೊಂದರೆ ಇರುವುದು ಅಲ್ಲಿ. ಗಾಬರಿಯಲ್ಲಿ ಅದೇ ಜಾಗದ ಮೇಲೆ ಇನ್ನೊಂದು ಸಲ ಉಳಿ ಓಡಿಸಿ ಗುಳಿಯನ್ನು ಅಳಿಸಿಬಿಡುತ್ತೇವೆ. ಗುಳಿ ಹೋಯಿತು, ಅದು ಯಾಕೆ ಬಿತ್ತು ಅಂತ ಹೇಳುವ ಗುರುತೂ ಜೊತೆಗೇ ಹೋಯಿತು. ಐದು ನಿಮಿಷ ಬಿಟ್ಟು ಮತ್ತೆ ಅಲ್ಲೇ ಕಚ್ಚುತ್ತದೆ.

ಹಾಗಾಗಿ ಏನೇ ಕೆಟ್ಟರೂ ಮೊದಲು ಮಶಿನ್ ಆಫ್ ಮಾಡಿ. ಮರ ಪೂರ್ತಿ ನಿಲ್ಲಲಿ. ಗಾಯವನ್ನು ಹಾಗೇ ಬಿಟ್ಟು ಕಣ್ಣಲ್ಲಿ ನೋಡಿ, ಬೆರಳಲ್ಲಿ ಸವರಿ ನೋಡಿ. ಕಾರಣ ಏನಿರಬಹುದು ಅಂತ ಅಂದಾಜು ಬಂದ ಮೇಲೆ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ. ಸ್ಪೀಡೂ ಇಳಿಸಿ, ಉಳಿಯನ್ನೂ ಮಸೆದು, ಉಳಿಗೆ ಆಸರೆ ಕೊಡುವ ರೆಸ್ಟನ್ನೂ ಎತ್ತಿದರೆ ಸರಿಹೋದದ್ದು ಯಾವುದರಿಂದ ಅಂತ ಗೊತ್ತಾಗುವುದಿಲ್ಲ. ಮುಂದಿನ ಬಟ್ಟಲಿಗೆ ಮತ್ತೆ ಅದೇ ಗೋಳು.

ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ, ಮನೆ ಹಿಂದಿನ ಕೊಟ್ಟಿಗೆಯಲ್ಲಿ ಲೇತ್ ಇಟ್ಟುಕೊಂಡಿದ್ದೇನೆ. ಅಣ್ಣನ ಮಗಳು ಕಾಲೇಜಿಗೆ ರಜೆ ಸಿಕ್ಕಿದಾಗೆಲ್ಲ ಬಂದು ಕಲಿಯುತ್ತಾಳೆ. ಅವಳ ಜೊತೆ ನಿಂತು ಹುಡುಕಿದ್ದು, ಅದಕ್ಕೂ ಮೊದಲು ನಾನೊಬ್ಬನೇ ಹುಡುಕಿದ್ದು, ಎರಡನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಶುರು ಮಾಡುವ ಮೊದಲು ಒಂದು ಮಾತು. ಮುಖ ಪೂರ್ತಿ ಮುಚ್ಚುವ ಶೀಲ್ಡ್ ಹಾಕಿಕೊಳ್ಳಿ, ಬರೀ ಕನ್ನಡಕ ಸಾಲದು. ಕೈಗವಸು, ಜೋತಾಡುವ ತೋಳು, ವೇಲು, ಕೊರಳ ಸರ, ಬಿಟ್ಟ ಕೂದಲು ಯಾವುದೂ ಬೇಡ. ಮಶಿನ್ ಆನ್ ಮಾಡುವಾಗ ಮರದ ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಲ್ಲಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಮರವನ್ನು ಕಚ್ಚಿ ಹಿಡಿಯುವ ಚಕ್ಕಿನಿಂದ ಬಿಟ್ಟ ಎಂಟು ಇಂಚಿನ ಹಲಸಿನ ತುಂಡು ಎದುರು ಗೋಡೆಯ ಸಿಮೆಂಟು ಕಿತ್ತದ್ದನ್ನು ನಾನು ನೋಡಿದ್ದೇನೆ.

ಎಳೆ ಯಾವ ಕಡೆಗಿದೆ?

ನಮ್ಮಲ್ಲಿ ಮರ ಕಡೆಯುವುದು ಅಂದ್ರೆ ಎಲ್ಲರಿಗೂ ಚನ್ನಪಟ್ಟಣ ನೆನಪಾಗುತ್ತದೆ. ಅಲ್ಲಿನ ಬುಗುರಿ, ಗಿಲಕಿ, ಬೊಂಬೆಗಳಲ್ಲಿ ಹೆಚ್ಚಿನವನ್ನು ಕಡೆಯುವಾಗ ಮರದ ಎಳೆ, ಅಂದರೆ ನಾರು, ಲೇತಿನ ಉದ್ದಕ್ಕೇ ಇರುತ್ತದೆ. ಲಟ್ಟಣಿಗೆಯೂ ಹಾಗೇ. ಮರ ಎಷ್ಟು ಸುತ್ತು ತಿರುಗಿದರೂ ಉಳಿಗೆ ಸಿಗುವುದು ಎಳೆಯ ಪಕ್ಕ ಮಾತ್ರ. ಬಟ್ಟಲು ಹಾಗಲ್ಲ. ದಿಮ್ಮಿಯನ್ನು ಉದ್ದುದ್ದ ಸೀಳಿ, ಅದರಿಂದ ಗುಂಡು ತುಂಡು ಕೊಯ್ದು ಹಾಕುವುದರಿಂದ ಎಳೆ ಬಟ್ಟಲಿಗೆ ಅಡ್ಡಡ್ಡ ಮಲಗಿರುತ್ತದೆ. ಒಂದು ಸುತ್ತಿನಲ್ಲಿ ಉಳಿಗೆ ಎರಡು ಸಲ ಎಳೆಯ ಪಕ್ಕ ಸಿಗುತ್ತದೆ, ಎರಡು ಸಲ ಎಳೆಯ ತುದಿ ಎದುರಾಗುತ್ತದೆ. 800 ಆರ್‌ಪಿಎಂ ಅಂದರೆ ನಿಮಿಷಕ್ಕೆ 800 ಸುತ್ತು, ಆ ಒಂದು ನಿಮಿಷದಲ್ಲಿ 1600 ಸಲ ಎಳೆಯ ತುದಿ ಬಂದು ಉಳಿ ಬಾಯಿಗೆ ಬಡಿಯುತ್ತದೆ. ಬಟ್ಟಲಿನ ಮುಕ್ಕಾಲು ತೊಂದರೆ ಇಲ್ಲಿಂದಲೇ ಹುಟ್ಟುವುದು.

ಅದಕ್ಕೇ ಉದ್ದ ಕಂಬ ಕಡೆಯುವ ಅಗಲ ಬಾಯಿಯ ರಫಿಂಗ್ ಗೌಜನ್ನು ಬಟ್ಟಲಿಗೆ ಯಾವತ್ತೂ ಹಿಡಿಯಬೇಡಿ. ಅದರ ಬಾಯಿ ದೊಡ್ಡದಿದ್ದರೂ ಹಿಡಿಯೊಳಗೆ ಹೋಗುವ ಬಾಲ ಸಣ್ಣದು. ಕಚ್ಚಿದರೆ ಅಲ್ಲೇ ಮುರಿಯುತ್ತದೆ. ಬಟ್ಟಲಿಗೆ ಬೌಲ್ ಗೌಜ್ ಬೇರೆಯೇ ಇದೆ: ದುಂಡು ಸರಳಿನಲ್ಲಿ ಆಳವಾಗಿ ದೋಣಿ ತೋಡಿದ ಉಳಿ. ಕಲಿಯುವವರಿಗೆ 10 ಅಥವಾ 12 ಮಿ.ಮೀ. ಸಾಕು. ಮುಂದೆ ನಾನು ದೋಣಿ ಅಂದರೆ ಆ ತೋಡು, ಓರೆ ಅಂದರೆ ಬಾಯಿಯ ಹಿಂದೆ ಸಾಣೆ ಹಿಡಿದ ಇಳಿಜಾರು ಮುಖ ಅಂತ ತಿಳಿಯಿರಿ.

ಉಳಿ ಟಕ್ ಅಂತ ಕಚ್ಚಿತು

ನನ್ನ ಎರಡನೇ ಬಟ್ಟಲು ಹಲಸಿನದು, ಎಂಟು ಇಂಚು ಅಗಲ. ಒಳಗೆ ತೋಡುತ್ತಾ ಅಂಚಿನಿಂದ ಒಂದೂವರೆ ಇಂಚು ಇಳಿದಿದ್ದೆ. ತೆಳು ಹಳದಿ ಸುರುಳಿ ಮೊಣಕೈವರೆಗೂ ಬರುತ್ತಿತ್ತು. ಇದ್ದಕ್ಕಿದ್ದಂತೆ ಟಕ್ ಅಂತ ಒಂದು ಸದ್ದು, ಬೆಲ್ಟು ಕಿರ್ ಅಂದಿತು, ಹಿಡಿ ಅಂಗೈಯಲ್ಲಿ ತಿರುಚಿಕೊಂಡಿತು. ಬಟ್ಟಲಿನ ಒಳಗೋಡೆಯ ಮೇಲೆ ಅರ್ಧಚಂದ್ರದಂತೆ ಒಂದು ಗುಳಿ. ಅದನ್ನು ಕಡೆದು ಅಳಿಸಿದೆ, ಮತ್ತೆ ಬಿತ್ತು. ಮತ್ತೆ ಅಳಿಸಿದೆ, ಮತ್ತೆ ಬಿತ್ತು. ಮೂರನೇ ಸಲ ಮಾತ್ರ ನಿಲ್ಲಿಸಿ ನೋಡಿದೆ.

ಆವತ್ತು ಮಾಡಿದ ಪರೀಕ್ಷೆಯನ್ನೇ ಇವತ್ತಿಗೂ ಮೊದಲು ಮಾಡುತ್ತೇನೆ. ಪ್ಲಗ್ ಕೀಳಿ. ಉಳಿ ಕಚ್ಚಿದಾಗ ಹೇಗೆ ಹಿಡಿದಿದ್ದಿರೋ ಹಾಗೇ ಹಿಡಿದು ಆ ಗುಳಿಯ ಪಕ್ಕ ಇಡಿ. ಇನ್ನೊಂದು ಕೈಯಲ್ಲಿ ಬಟ್ಟಲನ್ನು ನಿಧಾನ ನಿಮ್ಮ ಕಡೆಗೆ ತಿರುಗಿಸಿ. ಮರಕ್ಕೆ ಮೊದಲು ತಾಗುವುದು ಉಳಿಯ ಯಾವ ಭಾಗ ಅಂತ ಬಗ್ಗಿ ನೋಡಿ. ಓರೆ ಮೊದಲು ಗೋಡೆಗೆ ಒರಗಿ, ಆಮೇಲೆ ಬಾಯಿ ತಾಗಬೇಕು. ನನ್ನ ಉಳಿಯಲ್ಲಿ ಹಾಗಿರಲಿಲ್ಲ. ದೋಣಿ ಆಕಾಶ ನೋಡುತ್ತಿತ್ತು, ಎಡಗಡೆಯ ರೆಕ್ಕೆ, ಅಂದರೆ ಬಾಯಿಯ ಪಕ್ಕದ ಅಂಚು, ಗೋಡೆಗೆ ತಾಗುತ್ತಿತ್ತು. ಆ ರೆಕ್ಕೆಯ ಹಿಂದೆ ಆಸರೆ ಏನೂ ಇಲ್ಲ. ಮೇಲಿನಿಂದ ಇಳಿದು ಬರುವ ಮರ ಅದನ್ನು ಹಿಡಿದು ಕೆಳಗೆ ಎಳೆಯುತ್ತದೆ, ಉಳಿ ಉರುಳುತ್ತದೆ, ಉರುಳಿದಷ್ಟೂ ಆಳಕ್ಕೆ ಹೋಗುತ್ತದೆ. ಎಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ.

ಸರಿಮಾಡುವುದು ಹೀಗೆ. ಗಡಿಯಾರದ ಮುಖ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಒಳಗೆ ತೋಡಲು ಅಂಚಿನಲ್ಲಿ ಉಳಿ ಇಡುವಾಗ ದೋಣಿ ಪೂರ್ತಿ ಬಲಕ್ಕೆ, ಮೂರು ಗಂಟೆಯ ಕಡೆಗೆ ಇರಲಿ. ಒಳಗೆ ಹೋಗಿ ಓರೆಗೆ ಗೋಡೆಯ ಆಸರೆ ಸಿಕ್ಕ ಮೇಲೆ ಎರಡು ಗಂಟೆಗೆ ತನ್ನಿ. ಅಲ್ಲಿಂದ ತಳದವರೆಗೂ ಹನ್ನೆರಡರ ಕಡೆಗೆ ಉರುಳಲು ಬಿಡಬೇಡಿ. ಹಿಡಿಯನ್ನು ಸೊಂಟಕ್ಕೆ ಒತ್ತಿ ಹಿಡಿದು, ಕೈ ಬದಲು ಇಡೀ ಮೈಯನ್ನೇ ತಿರುಗಿಸಿ ಉಳಿ ನಡೆಸಿ. ಕೈ ಮಾತ್ರ ಕೆಲಸ ಮಾಡಿದರೆ ಅರ್ಧ ದಾರಿಯಲ್ಲಿ ಮಣಿಕಟ್ಟು ತಾನಾಗೇ ತಿರುಗಿ ದೋಣಿ ತೆರೆದುಕೊಳ್ಳುತ್ತದೆ, ನನಗೆ ಆಗುತ್ತಿದ್ದದ್ದೂ ಅದೇ, ಅದಕ್ಕೇ ಪ್ರತಿ ಸಲ ಒಂದೂವರೆ ಇಂಚು ಇಳಿದ ಮೇಲೆಯೇ ಕಚ್ಚುತ್ತಿತ್ತು.

ಗುಳಿ ಬೇರೆ ಥರ ಇದ್ದರೆ ಕಾರಣವೂ ಬೇರೆ. ಗುಳಿ ಇಲ್ಲದೆ ಅಂಚಿನಿಂದ ಹೊರಕ್ಕೆ ಸ್ಪ್ರಿಂಗಿನಂತೆ ಸುತ್ತು ಗೀರು ಬಿದ್ದಿದೆಯಾ? ಹಾಗಿದ್ದರೆ ಉಳಿ ಕಚ್ಚಿಲ್ಲ, ಜಾರಿದೆ. ಅಂಚಿನಲ್ಲಿ ಉಳಿ ಇಡುವ ಕ್ಷಣದಲ್ಲಿ ಓರೆಗೆ ಒರಗಲು ಇನ್ನೂ ಮರವೇ ಸಿಕ್ಕಿರುವುದಿಲ್ಲ. ಸಣ್ಣ ಸ್ಕ್ರೇಪರಿನ (ಮರ ಕೆರೆಯುವ ಚಪ್ಪಟೆ ಉಳಿ) ಮೂಲೆಯಿಂದ ಅಂಚಿನ ಒಳಗೆ ಒಂದೆರಡು ಮಿ.ಮೀ. ಗೀರು ತೋಡಿಕೊಂಡು, ಆ ಮೆಟ್ಟಿಲಿಗೆ ಉಳಿ ಕೊಟ್ಟು ಶುರು ಮಾಡಿ. ಜಾರುವುದು ಅವತ್ತೇ ನಿಲ್ಲುತ್ತದೆ.

ಸ್ಕ್ರೇಪರ್ ಕಚ್ಚಿದರೆ ಹಿಡಿ ಕೆಳಗಿದೆ ಅಂತಲೇ ಲೆಕ್ಕ. ಗೌಜಿನಲ್ಲಿ ಹಿಡಿ ಕೆಳಗೆ, ಸ್ಕ್ರೇಪರಿನಲ್ಲಿ ಹಿಡಿ ಮೇಲೆ. ಬಟ್ಟಲಿನ ಒಳಗೆ ಅದರ ಬಾಯಿ ನಡುಮಟ್ಟಕ್ಕಿಂತ (ಬಟ್ಟಲು ತಿರುಗುವ ನಡುಬಿಂದುವಿನ ಎತ್ತರ) ಕೂದಲೆಳೆಯಷ್ಟು ಮೇಲಿದ್ದು, ಕೆಳಮುಖವಾಗಿ ಬಾಗಿರಬೇಕು. ಆಗ ಮರ ಹಿಡಿದು ಎಳೆದರೂ ಬಾಯಿ ಖಾಲಿ ಜಾಗಕ್ಕೆ ಇಳಿಯುತ್ತದೆ, ಮರದೊಳಗೆ ಹೋಗುವುದಿಲ್ಲ.

ಎರಡು ಕಡೆ ಮಾತ್ರ ಒರಟು

ಒಂದು ಮಧ್ಯಾಹ್ನ ಅಣ್ಣನ ಮಗಳು ಮಾವಿನ ಮರದ ಬಟ್ಟಲಿನ ಹೊರಮೈ ಮುಗಿಸಿ ಕರೆದಳು. ತಿರುಗುವಾಗ ನುಣ್ಣಗೆ ಹೊಳೆಯುತ್ತಿತ್ತು. ನಿಲ್ಲಿಸಿದ ಮೇಲೆ ಎದುರುಬದುರು ಎರಡು ಜಾಗದಲ್ಲಿ ಅಂಗೈಯಗಲ ಒರಟು, ಬೆಕ್ಕಿನ ನಾಲಿಗೆ ಮುಟ್ಟಿದ ಹಾಗೆ.

"ಚಿಕ್ಕಪ್ಪ, ನಾನು ಒತ್ತಿದ್ದು ಜಾಸ್ತಿ ಆಯ್ತಾ?"

"ಒತ್ತಿದ್ದರೆ ಸುತ್ತಲೂ ಗೆರೆ ಬೀಳ್ತಿತ್ತು ಪುಟ್ಟಿ. ಇದು ಎರಡೇ ಕಡೆ ಇದೆ ನೋಡು. ಉಳಿ ಯಾವಾಗ ಮಸೆದದ್ದು?"

ಬೆಳಿಗ್ಗೆ ಮಸೆದಿದ್ದಳು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ತೊಗಟೆ ಇದ್ದ ತುಂಡನ್ನು ಗುಂಡಗೆ ಮಾಡಿದ್ದೂ ಅದೇ ಉಳಿಯಲ್ಲಿ.

ಇಲ್ಲಿ ನೋಡುವ ಕ್ರಮ ಹೀಗಿದೆ. ಒರಟು ಎದುರುಬದುರು ಎರಡು ಜಾಗದಲ್ಲಿ ಮಾತ್ರ ಇದ್ದರೆ ಅದು ಎಳೆಯ ತುದಿ ಎದುರಾಗುವ ಜಾಗ. ಉಳಿ ಅಲ್ಲಿ ಎಳೆಯನ್ನು ಕತ್ತರಿಸದೆ ಕಿತ್ತಿದೆ. ಸುತ್ತಲೂ ಒಂದೇ ಸಮ ಒರಟಾಗಿದ್ದರೆ ಉಳಿ ಪೂರ್ತಿ ಮೊಂಡಾಗಿದೆ, ಇಲ್ಲವೇ ನೀವು ಓರೆ ಒರಗಿಸದೆ ಕೆರೆಯುತ್ತಿದ್ದೀರಿ. ಪಟ್ಟಿ ಪಟ್ಟಿಯಾಗಿ ಒರಟಿದ್ದರೆ ಅದು ಮರದ ಗುಣ. ಬೇವು, ಹಲಸಿನಂಥ ಮರದಲ್ಲಿ ಎಳೆ ಒಂದು ಪದರದಲ್ಲಿ ಆ ಕಡೆ, ಮುಂದಿನ ಪದರದಲ್ಲಿ ಈ ಕಡೆ ವಾಲಿರುತ್ತದೆ. ಎತ್ತ ಕಡೆದರೂ ಒಂದು ಪಟ್ಟಿ ಏಳುತ್ತದೆ.

ಕೆಳಗೆ ಬಿದ್ದದ್ದನ್ನೂ ನೋಡಿ. ಹಸಿ ಮರದಲ್ಲಿ ಚೂಪಾದ ಉಳಿ ಉದ್ದ ಸುರುಳಿ ಕೊಡುತ್ತದೆ, ಒಣ ಮರದಲ್ಲಿ ತುಂಡು ಸುರುಳಿ. ಬರೀ ಹುಡಿ ಬರುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ ಸಾಣೆಗೆ ಹೋಗಿ. ಉಳಿ ಬಾಯಿಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಇನ್ನೂ ಖಚಿತ. ಚೂಪಾದ ಬಾಯಿಗೆ ಬೆಳಕು ಹಿಡಿಯುವುದಿಲ್ಲ, ಅದು ಕಾಣುವುದೇ ಇಲ್ಲ. ಬಾಯಿಯ ಮೇಲೆ ಬಿಳಿ ದಾರದಂತೆ ಹೊಳಪು ಕಂಡರೆ ಅಲ್ಲಿ ಮೊಂಡು.

ಸಾಣೆ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಹೊಸಬರು ಉಳಿಗೆ ಎಷ್ಟು ಬೇಕಾದರೂ ದುಡ್ಡು ಹಾಕುತ್ತಾರೆ, ಸಾಣೆಗೆ ಮಾತ್ರ ಹಾಕುವುದಿಲ್ಲ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಬೆಂಚ್ ಗ್ರೈಂಡರ್ 2800 ಆರ್‌ಪಿಎಂ ಆಸುಪಾಸು ಓಡುತ್ತದೆ, ಕಲ್ಲು ಬೂದು ಬಣ್ಣದ್ದು. ಕಲಿಯುವ ಕೈಗೆ ಅದು ಜೋರಾಯಿತು. 1400 ಆಸುಪಾಸು ಓಡುವುದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ, ಕಲ್ಲು 80 ಗ್ರಿಟ್ಟಿನ ಬಿಳಿಯದು ಹಾಕಿ. ಉಳಿ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಆಗಿದ್ದರೆ ಬಾಯಿ ಸ್ವಲ್ಪ ನೀಲಿಗೆ ತಿರುಗಿದರೂ ಚಿಂತೆ ಇಲ್ಲ. ಮಾಮೂಲಿ ಕಾರ್ಬನ್ ಉಕ್ಕಿನ ಉಳಿ ನೀಲಿಯಾಯಿತೆಂದರೆ ಹದ ಹೋಯಿತು, ಅಷ್ಟು ಭಾಗ ಸವೆಸಿ ತೆಗೆಯುವವರೆಗೆ ಬಾಯಿ ನಿಲ್ಲುವುದಿಲ್ಲ.

ಇನ್ನೊಂದು, ಪ್ರತಿ ಸಲ ಒಂದೇ ಕೋನಕ್ಕೆ ಮಸೆಯಬೇಕು. 40ರಿಂದ 60 ಡಿಗ್ರಿ ಒಳಗೆ ಯಾವುದಾದರೂ ಆಗಲಿ, ನಾನು 55 ಇಟ್ಟುಕೊಂಡಿದ್ದೇನೆ. ಓರೆಯ ಮೇಲೆ ಮಾರ್ಕರ್ ಪೆನ್ನಿನಿಂದ ಮಸಿ ಬಳಿಯಿರಿ. ಗ್ರೈಂಡರ್ ಆನ್ ಮಾಡದೆ ಕಲ್ಲನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿ. ಮಸಿ ಬಾಯಿಯಿಂದ ಹಿಮ್ಮಡಿವರೆಗೆ (ಓರೆಯ ಹಿಂದಿನ ತುದಿ) ಒಂದೇ ಸಮ ಹೋದರೆ ಕೋನ ಕೂತಿದೆ. ಹಿಮ್ಮಡಿಯಲ್ಲಿ ಮಾತ್ರ ಹೋದರೆ ಉಳಿಯ ಹಿಂಭಾಗ ಎತ್ತಿ, ಬಾಯಿಯಲ್ಲಿ ಮಾತ್ರ ಹೋದರೆ ಇಳಿಸಿ. ಈ ಮಸಿಯ ಉಪಾಯ ಗೊತ್ತಾದ ಮೇಲೆ ನನ್ನ ಉಳಿ ಸವೆಯುವುದೇ ಅರ್ಧಕ್ಕೆ ಇಳಿಯಿತು.

ಮಸೆದ ಮೇಲೂ ಎಳೆ ಕೀಳುತ್ತಿದ್ದರೆ ಉಳಿ ನಡೆಸುವ ದಿಕ್ಕು ನೋಡಿ. ಹೊರಮೈಯಲ್ಲಿ ಬುಡದಿಂದ ಅಂಚಿಗೆ, ಒಳಗೆ ಅಂಚಿನಿಂದ ತಳಕ್ಕೆ. ಹೀಗೆ ನಡೆದರೆ ಕತ್ತರಿಸುವ ಎಳೆಯ ಕೆಳಗೆ ಇನ್ನೊಂದು ಎಳೆ ಆಸರೆಯಾಗಿ ಇರುತ್ತದೆ. ಉಲ್ಟಾ ನಡೆದರೆ ಬೆಕ್ಕನ್ನು ಬಾಲದಿಂದ ತಲೆಗೆ ಸವರಿದ ಹಾಗೆ, ಎಲ್ಲ ಎದ್ದು ನಿಲ್ಲುತ್ತದೆ. ದಿಕ್ಕೂ ಸರಿ ಇದ್ದು ಮರವೇ ಮೆತ್ತಗಿದ್ದರೆ ಆ ಎರಡು ಜಾಗಕ್ಕೆ ನೀರು ಒರೆಸಿ, ಅದು ಹೀರಿಕೊಂಡ ಕೂಡಲೇ ಕಾಗದದಷ್ಟು ತೆಳುವಾಗಿ ಕೊನೆಯ ಕಡೆತ ಮಾಡಿ. ಆವತ್ತು ಅವಳ ಬಟ್ಟಲಿಗೆ ಉಳಿ ಮಸೆದದ್ದರಲ್ಲೇ ಮುಕ್ಕಾಲು ಒರಟು ಹೋಯಿತು, ಉಳಿದದ್ದು ನೀರಿಗೆ ಹೋಯಿತು. ಟಾರ್ಚನ್ನು ಮೈಗೆ ಅಡ್ಡ ಹಿಡಿದು ನೋಡಿದಳು, ಎಲ್ಲೂ ನೆರಳು ಬೀಳಲಿಲ್ಲ.

ಒರಟಿಲ್ಲ, ಆದರೆ ಒಳಗೆ ಸುತ್ತು ಸುತ್ತು ಉಬ್ಬು ಗೆರೆ, ಗೆರೆಯ ಪಕ್ಕ ಕಪ್ಪಗೆ ಉಜ್ಜಿದ ಹೊಳಪು ಇದ್ದರೆ ಅದು ಉಳಿಯ ಹಿಮ್ಮಡಿ ಮರವನ್ನು ಜಜ್ಜಿದ ಗುರುತು. ಒಳಗಿನ ತಿರುವಿನಲ್ಲಿ ಉದ್ದ ಓರೆ ಕೂರುವುದಿಲ್ಲ. ಓರೆಯ ಹಿಂದಿನ ಅರ್ಧವನ್ನು ಗ್ರೈಂಡರಿನಲ್ಲಿ ಉರುಟು ಮಾಡಿ ತೆಗೆದುಬಿಡಿ, ಬಾಯಿಯ ಹಿಂದೆ ಎರಡು ಮೂರು ಮಿ.ಮೀ. ಓರೆ ಉಳಿದರೆ ಸಾಕು.

ನಡುಕ

ಲೇತ್ ನಡುಗುತ್ತಿದೆ ಅಂದರೆ ಹತ್ತು ಜನ ಹತ್ತು ಕಾರಣ ಹೇಳುತ್ತಾರೆ. ಯಾರನ್ನೂ ಕೇಳುವ ಮೊದಲು ನಾಲ್ಕು ಹಂತದಲ್ಲಿ ಓಡಿಸಿ ನೋಡಿ. ಮರವನ್ನೂ ಚಕ್ಕನ್ನೂ ತೆಗೆದು ಖಾಲಿ ಓಡಿಸಿ. ಆಮೇಲೆ ಬರೀ ಚಕ್ ಹಾಕಿ. ಆಮೇಲೆ ಮರ ಹಾಕಿ, ಉಳಿ ಮುಟ್ಟಿಸಬೇಡಿ. ಕೊನೆಗೆ ಉಳಿ ಮುಟ್ಟಿಸಿ. ನಡುಕ ಯಾವ ಹಂತದಲ್ಲಿ ಶುರುವಾಯಿತೋ ದೋಷ ಆ ಹಂತದ್ದು.

ಖಾಲಿ ಓಡುವಾಗಲೇ ನಡುಗಿದರೆ ಬೆಲ್ಟ್, ಪುಲ್ಲಿ, ಬೇರಿಂಗ್, ಇಲ್ಲವೇ ನೆಲ. ತಿಂಗಳುಗಟ್ಟಲೆ ನಿಂತ ಲೇತಿನ ಬೆಲ್ಟು ಪುಲ್ಲಿಯ ಆಕಾರಕ್ಕೇ ಬಾಗಿ ಗಡುಸಾಗಿರುತ್ತದೆ, ಪ್ರತಿ ಸುತ್ತಿಗೂ ಧಡ್ ಧಡ್ ಅನ್ನುತ್ತದೆ. ಚಕ್ ಕೂರುವ ದಂಡ, ಅಂದರೆ ಸ್ಪಿಂಡಲ್ಲನ್ನು ಹಿಡಿದು ಹಿಂದೆ ಮುಂದೆ, ಮೇಲೆ ಕೆಳಗೆ ಅಲ್ಲಾಡಿಸಿ. ಒಂದಿಷ್ಟು ಅಲುಗಿದರೂ ಬೇರಿಂಗ್ ನೋಡಿಸಬೇಕು. ಹಳೇ ಕೊಟ್ಟಿಗೆ ನೆಲದಲ್ಲಿ ಲೇತಿನ ಒಂದು ಕಾಲು ಗಾಳಿಯಲ್ಲಿ ಇರುವುದೇ ಹೆಚ್ಚು. ಕಾಲಡಿ ಬೆಣೆ ಕೊಟ್ಟು, ಕೆಳಗಿನ ಹಲಗೆಯ ಮೇಲೆ ಎರಡು ಮರಳಿನ ಮೂಟೆ ಇಟ್ಟರೆ ಅರ್ಧ ನಡುಕ ಅಲ್ಲೇ ಸಾಯುತ್ತದೆ.

ಚಕ್ ಹಾಕಿದ ಮೇಲೆ ಶುರುವಾದರೆ ಚಕ್ ತೆಗೆದು ಥ್ರೆಡ್ಡಿನೊಳಗೆ ನೋಡಿ. ಒಂದು ಸಣ್ಣ ಸುರುಳಿ ಸಿಕ್ಕಿಕೊಂಡಿದ್ದರೂ ಚಕ್ ಸೊಟ್ಟ ಕೂರುತ್ತದೆ.

ಮರ ಹಾಕಿದ ಮೇಲೆ ಶುರುವಾದರೆ ತೂಕ ಒಂದು ಕಡೆಗಿದೆ, ಅಥವಾ ಸ್ಪೀಡ್ ಜಾಸ್ತಿ. ಸ್ಪೀಡಿಗೆ ಒಂದು ಸುಲಭ ಲೆಕ್ಕ ಇದೆ: ಬಟ್ಟಲಿನ ಅಗಲವನ್ನು ಇಂಚಿನಲ್ಲಿ ಅಳೆದು ಆರ್‌ಪಿಎಂ ಜೊತೆ ಗುಣಿಸಿದರೆ 6000ದಿಂದ 9000 ಒಳಗೆ ಬರಬೇಕು. ಎಂಟು ಇಂಚಿಗೆ 750ರಿಂದ 1125, ಹತ್ತು ಇಂಚಿಗೆ 600ರಿಂದ 900. ಇದು ಗುಂಡಗಾದ ಮರಕ್ಕೆ. ತೊಗಟೆ ಇರುವ, ಒಂದು ಕಡೆ ಭಾರದ ತುಂಡನ್ನು ಇದಕ್ಕಿಂತಲೂ ಕೆಳಗಿನಿಂದ ಶುರು ಮಾಡಿ, ಸ್ಪೀಡ್ ಏರಿಸುವುದನ್ನು ಲೇತ್ ಅಲುಗಲು ಶುರುವಾಗುವ ಮೊದಲೇ ನಿಲ್ಲಿಸಿ. ಹಸಿ ಮರವನ್ನು ರಾತ್ರಿಯಿಡೀ ಚಕ್ಕಿನಲ್ಲೇ ಬಿಟ್ಟು ಬೆಳಿಗ್ಗೆ ಓಡಿಸಿದರೂ ನಡುಗುತ್ತದೆ. ನಿನ್ನೆ ಗುಂಡಗಿದ್ದದ್ದು ರಾತ್ರಿ ಸೊಟ್ಟಗಾಗಿರುತ್ತದೆ.

ಉಳಿ ಮುಟ್ಟಿಸಿದಾಗ ಮಾತ್ರ ನಡುಕ, ಜೊತೆಗೆ ಕೀಚಲು ಸದ್ದು ಬಂದರೆ ಎರಡು ನೋಡಿ. ಒಂದು, ಉಳಿ ರೆಸ್ಟಿನಿಂದ ಎಷ್ಟು ಮುಂದಕ್ಕೆ ಚಾಚಿದೆ? ಹೊರಮೈಯಲ್ಲಿ ರೆಸ್ಟು ಮರಕ್ಕೆ ಬೆರಳು ತೂರುವಷ್ಟೂ ದೂರ ಇರಬಾರದು. ಪ್ರತಿ ಸಲ ಸರಿಸಿದ ಮೇಲೆ ಕೈಯಲ್ಲಿ ಒಂದು ಸುತ್ತು ತಿರುಗಿಸಿ, ತಾಗುವುದಿಲ್ಲ ಅಂತ ನೋಡಿಯೇ ಆನ್ ಮಾಡಿ. ಎರಡು, ಗೋಡೆ ತೆಳುವಾಗಿ ಉಳಿ ಒತ್ತಿದಾಗ ಬಾಗುತ್ತಿದೆಯಾ? ಒಳಗೆಲ್ಲ ತೋಡಿ ಮುಗಿಸಿದ ಮೇಲೆ ಅಂಚು ಇನ್ನೊಂಚೂರು ತೆಳುವಾಗಲಿ ಅಂತ ವಾಪಸ್ ಬರುವುದು ಹೊಸಬರ ಅಭ್ಯಾಸ, ಅಂಚು ಸೀಳಿ ಹೋಗುವುದೂ ಆಗಲೇ. ಒಳಗಿನ ಗೋಡೆಯನ್ನು ಇಂಚಿಂಚಾಗಿ ಮುಗಿಸುತ್ತಾ ಇಳಿಯಬೇಕು. ಮೊದಲ ಇಂಚು ಬೇಕಾದ ದಪ್ಪಕ್ಕೆ ತಂದು, ಆಮೇಲೆ ಎರಡನೇ ಇಂಚು. ನಡುವಿನ ಮರ ಅಲ್ಲಿಯವರೆಗೆ ಹಾಗೇ ಇದ್ದು ಗೋಡೆಗೆ ಬಲ ಕೊಡುತ್ತಿರುತ್ತದೆ. ಮುಗಿದ ಇಂಚಿನ ಕಡೆಗೆ ತಿರುಗಿಯೂ ನೋಡಬೇಡಿ.

ಬಟ್ಟಲು ಚಕ್ಕಿನಿಂದ ಬಿಟ್ಟಿತು

ಚಕ್ ಹಿಡಿಯಲು ಬುಡದಲ್ಲಿ ಬಿಡುವ ಗುಂಡು ಟೆನನ್ ಇದೆಯಲ್ಲ, ಅದನ್ನು ಕೈಗೆತ್ತಿಕೊಂಡು ನೋಡಿ. ಟೆನನ್ ಮುರಿದು ಚಕ್ಕಿನಲ್ಲೇ ಉಳಿದಿದ್ದರೆ ಅದು ಸಣ್ಣದಾಯಿತು ಅಥವಾ ಉಳಿ ಜೋರಾಗಿ ಕಚ್ಚಿತು. ಬಟ್ಟಲಿನ ಅಗಲದ ಮೂರನೇ ಒಂದು ಭಾಗದಷ್ಟಾದರೂ ಟೆನನ್ ಅಗಲ ಇರಲಿ. ಟೆನನ್ ಇಡಿಯಾಗಿದ್ದು ಮೈಮೇಲೆ ಚಕ್ಕಿನ ಹಲ್ಲು ಜಾರಿದ ಗೀರಿದ್ದರೆ ಮೂಲೆ ನೋಡಿ. ಟೆನನ್ ಮತ್ತು ಬಟ್ಟಲು ಸೇರುವ ಮೂಲೆ ಚೂಪಾಗಿರಬೇಕು, ಅಲ್ಲಿ ಒಂಚೂರು ಉರುಟು ಉಳಿದರೂ ಹಲ್ಲು ಪೂರ್ತಿ ಒಳಗೆ ಕೂರುವುದಿಲ್ಲ. ಬಟ್ಟಲಿನ ಬುಡ ಹಲ್ಲಿನ ಮುಖಕ್ಕೆ ಅಂಟಿ ಕೂರಬೇಕು, ಟೆನನ್ನಿನ ತುದಿ ಚಕ್ಕಿನ ತಳ ಮುಟ್ಟಬಾರದು. ತಳ ಮುಟ್ಟಿದರೆ ಬುಡಕ್ಕೂ ಹಲ್ಲಿಗೂ ನಡುವೆ ಸಂದು ಬೀಳುತ್ತದೆ, ಬಟ್ಟಲು ಅಲುಗಿ ಅಲುಗಿ ಸಡಿಲವಾಗುತ್ತದೆ. ಆರರಿಂದ ಎಂಟು ಮಿ.ಮೀ. ಎತ್ತರ ಸಾಮಾನ್ಯವಾಗಿ ಸಾಕು. ಹಸಿ ಮರವನ್ನು ಹಲ್ಲು ಜಜ್ಜುತ್ತಾ ಹೋಗುವುದರಿಂದ ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಚಕ್ ಬಿಗಿ ಮಾಡಿ. ಆಗುವಷ್ಟು ಹೊತ್ತು ಚಕ್ಕಿನ ಎದುರು ತುದಿಯಿಂದ ಮರವನ್ನು ಒತ್ತಿ ಹಿಡಿಯುವ ಟೇಲ್‌ಸ್ಟಾಕ್ ಒತ್ತು ಕೊಟ್ಟೇ ಇರಲಿ.

ಕಡೆದು ಇಟ್ಟದ್ದು ಸೀಳಿತು

ಇದು ಕೈಯ ದೋಷವಲ್ಲ, ನೀರಿನ ದೋಷ. ಎಳೆಯ ತುದಿಯಿಂದ ನೀರು ಬೇಗ ಹೋಗುತ್ತದೆ, ಪಕ್ಕದಿಂದ ನಿಧಾನ ಹೋಗುತ್ತದೆ. ಬೇಗ ಒಣಗಿದ ಭಾಗ ಕುಗ್ಗುತ್ತದೆ, ಒಣಗದ ಭಾಗ ಕುಗ್ಗಲು ಬಿಡುವುದಿಲ್ಲ, ಜಗ್ಗಾಟದಲ್ಲಿ ಸೀಳುತ್ತದೆ. ಸೀಳು ಎಲ್ಲಿದೆ ನೋಡಿ. ಒಂದು ಚುಕ್ಕೆಯಿಂದ ನಕ್ಷತ್ರದಂತೆ ಹರಡಿದ್ದರೆ ಅದು ದಿಮ್ಮಿಯ ನಡುತಿರುಳು ಬಟ್ಟಲಿನಲ್ಲಿ ಉಳಿದದ್ದು. ಕೊಯ್ಯುವಾಗಲೇ ನಡುತಿರುಳಿನ ಎರಡೂ ಪಕ್ಕ ಬೆರಳಗಲ ಬಿಟ್ಟು ತುಂಡು ಮಾಡಬೇಕಿತ್ತು. ಅಂಚಿನಲ್ಲಿ, ಎಳೆಯ ತುದಿ ಇರುವ ಜಾಗದಲ್ಲಿ ಸೀಳಿದ್ದರೆ ಬೇಗ ಒಣಗಿದೆ. ಸೀಳಿಲ್ಲ, ಆದರೆ ಮೊಟ್ಟೆಯ ಹಾಗೆ ಉದ್ದವಾಗಿದೆ ಅಂದರೆ ಅದು ದೋಷವೇ ಅಲ್ಲ. ಒಣಗುವಾಗ ಮರ ಎಳೆಗೆ ಅಡ್ಡವಾಗಿ ಕುಗ್ಗುತ್ತದೆ, ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಹಸಿ ಮರದಲ್ಲಿ ಕಡೆದ ಯಾವ ಬಟ್ಟಲೂ ಗುಂಡಗೆ ಉಳಿಯುವುದಿಲ್ಲ.

ಇದಕ್ಕೆ ದಾರಿ ಎರಡು ಸಲ ಕಡೆಯುವುದು. ಹಸಿಯಲ್ಲಿ ಗೋಡೆಯನ್ನು ಅಗಲದ ಹತ್ತನೇ ಒಂದು ಭಾಗ ದಪ್ಪ ಬಿಟ್ಟು ಕಡೆಯಿರಿ, ಹತ್ತು ಇಂಚಿಗೆ ಒಂದು ಇಂಚು. ದಪ್ಪ ಎಲ್ಲ ಕಡೆ ಒಂದೇ ಇರಲಿ. ಎಳೆಯ ತುದಿಗೆ ಮೇಣ ಬಳಿದು, ಅದೇ ಮರದ ಸುರುಳಿಯ ಜೊತೆ ಕಾಗದದ ಚೀಲದಲ್ಲಿ ಹಾಕಿ, ಗಾಳಿ ಬಿಸಿಲು ತಾಗದ ಕಡೆ ಇಡಿ. ಮೇಲೆ ತಾರೀಕು ಮತ್ತು ತೂಕ ಬರೆಯಿರಿ. ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ, ಮೂರು ನಾಲ್ಕು ವಾರ ತೂಕ ಇಳಿಯದೆ ನಿಂತರೆ ಒಣಗಿದೆ. ಮಲೆನಾಡಿನ ಮಳೆಗಾಲದಲ್ಲಿ ಚೀಲದೊಳಗೆ ಬೂಸ್ಟು ಹಿಡಿಯುತ್ತದೆ, ಆಗ ಎರಡು ದಿನಕ್ಕೊಮ್ಮೆ ಸುರುಳಿ ಬದಲಾಯಿಸಿ. ಬಯಲುಸೀಮೆಯ ಮಾರ್ಚ್, ಏಪ್ರಿಲ್ ಇನ್ನೂ ಕಷ್ಟ. ಒಣಗಾಳಿಗೆ ಒಂದೇ ರಾತ್ರಿಯಲ್ಲಿ ಸೀಳುತ್ತದೆ, ಚೀಲ ಎರಡು ಪದರ ಹಾಕಿ.

ತಳ ತೂತಾಯಿತು, ಮಶಿನ್ ಓಡುತ್ತಿಲ್ಲ

ತಳ ತೂತಾದರೆ ಅಳತೆ ತೆಗೆದಿಲ್ಲ, ಅಷ್ಟೆ. ತೋಡುವ ಮೊದಲೇ ಡ್ರಿಲ್ ಬಿಟ್ಟಿಗೆ ಟೇಪ್ ಸುತ್ತಿ ಗುರುತು ಮಾಡಿಕೊಂಡು, ನಡುವಿನಲ್ಲಿ ಬೇಕಾದ ಆಳಕ್ಕಿಂತ ಐದು ಮಿ.ಮೀ. ಕಡಿಮೆ ತೂತು ಕೊರೆಯಿರಿ. ತೂತು ಮಾಯವಾದ ಕೂಡಲೇ ಅಳೆಯಿರಿ. ತಳದ ನಡುವೆ ಮೊಲೆತೊಟ್ಟಿನಂತೆ ಉಬ್ಬು ಉಳಿಯುತ್ತಿದ್ದರೆ ಉಳಿ ಬಾಯಿ ನಡುಮಟ್ಟಕ್ಕಿಂತ ಮೇಲೋ ಕೆಳಗೋ ಇದೆ. ರೆಸ್ಟಿನ ಎತ್ತರ ಸರಿಮಾಡಿ, ನಡುವಿಗೆ ಬಂದಾಗ ಉಳಿಯನ್ನು ತೀರಾ ನಿಧಾನ ಮಾಡಿ.

ಸ್ವಿಚ್ ಹಾಕಿದರೆ ಹೂಂ ಅನ್ನುತ್ತದೆ, ತಿರುಗುವುದಿಲ್ಲ ಅಂದರೆ ತಕ್ಷಣ ಆಫ್ ಮಾಡಿ. ಹಾಗೇ ಬಿಟ್ಟರೆ ವೈಂಡಿಂಗ್ ಸುಡುತ್ತದೆ. ಸಿಂಗಲ್ ಫೇಸ್ ಮೋಟಾರಿನಲ್ಲಿ ಇದು ಬಹಳ ಸಲ ಕೆಪಾಸಿಟರಿನ ದೋಷ, ಎಲೆಕ್ಟ್ರಿಷಿಯನ್ ಕೈಯಲ್ಲೇ ಬದಲಾಯಿಸಿ, ಅದರಲ್ಲಿ ಕರೆಂಟ್ ಉಳಿದಿರುತ್ತದೆ. ಸಂಜೆ ಹೊತ್ತು ಮಾತ್ರ ಹೀಗಾಗುತ್ತಿದ್ದರೆ ಮೊದಲು ವೋಲ್ಟೇಜ್ ನೋಡಿಸಿ.

ಸ್ಯಾಂಡ್ ಪೇಪರ್, ಎಣ್ಣೆ

ಉಳಿ ಬಿಟ್ಟ ಗಾಯವನ್ನು ಪೇಪರಿನಲ್ಲಿ ತೆಗೆಯುತ್ತೇನೆ ಅಂತ ಒತ್ತಿ ತಿಕ್ಕಿದರೆ ಮರ ಕಾಯುತ್ತದೆ, ಎಳೆಯ ತುದಿಯಲ್ಲಿ ಕೂದಲಿನಂಥ ಸೀಳುಗಳು ಬಿಡುತ್ತವೆ. ಬೆರಳಿಗೆ ಬಿಸಿ ತಾಗಿದರೆ ಜಾಸ್ತಿಯಾಯಿತು. ಸ್ಪೀಡ್ ಅರ್ಧಕ್ಕಿಳಿಸಿ, 120, 180, 240, 320 ಯಾವುದನ್ನೂ ಹಾರಿಸದೆ ಹೋಗಿ. ಎಣ್ಣೆ ಹಚ್ಚಿದ ಮೇಲೆ ಸುತ್ತು ಗೀರು ಎದ್ದು ಕಂಡರೆ ನಡುವೆ ಒಂದು ಪೇಪರ್ ಹಾರಿಸಿದ್ದೀರಿ. ಮಾವಿನ ಹುಡಿಗೆ ಕೆಲವರ ಚರ್ಮ ತುರಿಸುತ್ತದೆ, ಮಾಸ್ಕ್ ಯಾವ ಮರಕ್ಕಾದರೂ ಬೇಕು.

ವಾರವಾದರೂ ಬಟ್ಟಲು ಅಂಟಂಟು ಅಂದರೆ ಯಾವ ಎಣ್ಣೆ ಅಂತ ಕೇಳಿಕೊಳ್ಳಿ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ, ಹರಳೆಣ್ಣೆ ಯಾವುದೂ ಮರದ ಮೇಲೆ ಒಣಗಿ ಪದರವಾಗುವುದಿಲ್ಲ. ಅಗಸೆ ಎಣ್ಣೆ ಒಣಗುತ್ತದೆ, ಆದರೆ ತೆಳುವಾಗಿ ಹಚ್ಚಿ ಉಳಿದದ್ದನ್ನು ಒರೆಸಿ ತೆಗೆಯಬೇಕು, ದಿನಗಟ್ಟಲೆ ಬಿಡಬೇಕು. ಚನ್ನಪಟ್ಟಣದವರು ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ತಿಕ್ಕಾಟದ ಬಿಸಿಗೆ ಕರಗಿದ ಅರಗನ್ನು ಕೇದಗೆ ಜಾತಿಯ ಗಿಡದ ಎಲೆಯಲ್ಲಿ ಹರಡಿ ಹೊಳಪು ತರುತ್ತಾರೆ. ಹಣ್ಣು, ಚಕ್ಕುಲಿ ಹಾಕುವ ಬಟ್ಟಲಿಗೆ ಅದು ಬಹಳ ಚೆಂದ. ಬಿಸಿ ಸಾರಿಗೆ ಆಗುವುದಿಲ್ಲ, ಬಿಸಿಗೆ ಅರಗು ಮೆತ್ತಗಾಗುತ್ತದೆ.

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಹೊಟ್ಟಿನ ಪಕ್ಕ ಎಸೆಯಬೇಡಿ. ಅದು ಒಣಗುತ್ತಾ ತಾನೇ ಕಾದು ಹೊತ್ತಿಕೊಳ್ಳಬಹುದು. ನಾವು ಅದನ್ನು ನೀರಿನಲ್ಲಿ ಅದ್ದಿ, ಅಂಗಳದ ತಂತಿಯ ಮೇಲೆ ಹರವಿ ಹಾಕಿ, ಆಮೇಲೆ ಕೊಟ್ಟಿಗೆಯ ಬಾಗಿಲು ಹಾಕುತ್ತೇವೆ.